ಯಾರ ಗೇಣು

ತೋರಣಗಲ್ಲಿನ ಗೇಟಿನೆದುರು, ಎರಡನೇ ಪಾಳಿ ಬಿಟ್ಟ ಹೊತ್ತು,
ಕಾಲಿಗಿಂತ ಮೊದಲು ಮೂಗು ಬರುತ್ತದೆ ನನ್ನ ಗಾಡಿಗೆ.
ಹನ್ನೊಂದು ವರ್ಷ ಹೀಗೇ:
ಉದ್ದಕ್ಕೆ ಸೀಳಿದ ಡ್ರಮ್ಮು, ಸೈಕಲ್ ಕಡ್ಡಿಗೆ ಪೋಣಿಸಿದ ಕಲೇಜಿ,
ಬೀಸಿ ಬೀಸಿ
ಎಡದ್ದಕ್ಕಿಂತ ದಪ್ಪವಾದ ಬಲ ರಟ್ಟೆ.

ಕುಲುಮೆ ನೋಡಲು ಬಂದ ಜಪಾನಿನ ಇಂಜಿನಿಯರು
ಆರು ಕಡ್ಡಿ ತಿಂದ. ಏಳನೆಯದನ್ನು ಕೈಲಿ ಹಿಡಿದು
ಡ್ರಮ್ಮನ್ನೇ ನೋಡುತ್ತ ನಿಂತ,
ಕೂಸಿನ ಕಾಲಲ್ಲಿ ಅಪ್ಪನ ಚಪ್ಪಲಿ ಕಂಡವನ ಹಾಗೆ.
ರೊಟ್ಟಿ ಸುತ್ತುವ ಕಾಗದದ ಮೇಲೆ ಒಂದು ಪೆಟ್ಟಿಗೆ ಬರೆದ:
ಉದ್ದ ಇದೆ, ಅಗಲ ಇಲ್ಲ.
ಮಾಂಸ ಕೆಂಡದ ಮೇಲೆ, ಕಡ್ಡಿಯ ಎರಡು ತುದಿ ಗೋಡೆಯ ಮೇಲೆ,
ಜಾಲರಿ ಬೇಡ, ಉರಿ ಬೇಡ, ಹೊಗೆ ಬೇಡ.
"ಹೊಗೆ ಇಲ್ಲಂದ್ರೆ ನಾನು ಇಲ್ಲಿದ್ದೀನಂತ ಯಾರಿಗೆ ಗೊತ್ತಾಗ್ತೈತೆ?"
ದುಭಾಷಿ ಹುಡುಗಿ ನಕ್ಕಳು, ದಾಟಿಸಲಿಲ್ಲ.

ಅವರ ಪೆಟ್ಟಿಗೆ ಕಡಲ ತಳದ ಮಣ್ಣಿನದಂತೆ,
ಒಳಗೆ ಕೆಂಡ ಇದ್ದರೂ ಹೊರಗೋಡೆಗೆ ಕೈ ಇಡಬಹುದಂತೆ,
ನೀರು ಬಿದ್ದರೆ ಬಿರಿಯುತ್ತದಂತೆ.
ಮೊಬೈಲಿನಲ್ಲಿ ಮೂವತ್ತೊಂದು ಸಾವಿರ. ಸಾಗಣೆ ಬೇರೆ.
ಮೂರು ಹೋತ ಬರುತ್ತವೆ ಅಷ್ಟಕ್ಕೆ, ಕೊಂಬು ಸಮೇತ.

ವೆಲ್ಡಿಂಗ್ ಎರ್ರಿಸ್ವಾಮಿ ಕಾಗದ ತಿರುಗಿಸಿ ನೋಡಿ ಅಂದ:
"ಕುಲುಮೆಯಿಂದ ಕಿತ್ತೆಸೆದ ಬಿಳಿ ಇಟ್ಟಿಗೆ ಗುಜರಿಯಲ್ಲಿ ಬಿದ್ದಾವೆ.
ಕಬ್ಬಿಣ ನೀರಾಗಿದ್ದು ನೋಡ್ಯಾವೆ ಅವು,
ನಿನ್ನ ಕಲೇಜಿ ಯಾವ ಲೆಕ್ಕ, ಖಾಜಾಬನಿ?"
ಅಗಲ ಅರ್ಧ ಗೇಣು ಅಂದೆ. ಫೋನಿನಲ್ಲಿ.
ತಪ್ಪಿದ್ದು ಅಲ್ಲಿ.

ಇನ್ನು ಇದ್ದಿಲು.
ಕೌಲ್ ಬಜಾರಿನಲ್ಲಿ ತೆಂಗಿನ ಚಿಪ್ಪಿನ ಬಿಲ್ಲೆ ಇತ್ತು:
ಯೂನಿಫಾರ್ಮ್ ತೊಟ್ಟ ಮಕ್ಕಳ ಹಾಗೆ ಎಲ್ಲ ಒಂದೇ ಅಳತೆ,
ಒಟ್ಟಿಗೆ ಉರಿದು ಒಟ್ಟಿಗೆ ಬೂದಿ.
ಹುಣಸೆಯದೂ ಇತ್ತು, ಮನಸ್ಸು ಒಪ್ಪಲಿಲ್ಲ;
ನೆರಳು ಕಡಿದು ಸುಟ್ಟ ಹಾಗೆ.
ಉಳಿದದ್ದು ನಮ್ಮ ಊರ ಹೆಸರು ಹೊತ್ತ ಮುಳ್ಳು, ಬಳ್ಳಾರಿ ಜಾಲಿ.
ಯಾರೂ ನೆಡಲಿಲ್ಲ ಅಂತಾರೆ, ಎಲ್ಲರೂ ಬೈತಾರೆ,
ಎಲ್ಲರ ಒಲೆಯಲ್ಲೂ ಅದೇ.
ಸಿಡಿಯುವುದೊಂದು ಚಟ ಅದಕ್ಕೆ;
ಹೋದ ವರ್ಷ ಲಾರಿ ಡ್ರೈವರೊಬ್ಬನ ಹೊಸ ಅಂಗಿಗೆ ಏಳು ತೂತು.

ಜಪಾನಿನವ ಹೋಗುವಾಗ ಒಂದು ತುಂಡು ಬಿಟ್ಟಿದ್ದ,
ಹೆಬ್ಬೆರಳ ಗಾತ್ರ, ತಟ್ಟಿದರೆ ಕಂಚಿನ ಸದ್ದು.
ಭಟ್ಟಿ ಹಾಕುವ ಗಾದಿಲಿಂಗಪ್ಪ ಅದನ್ನು ಮೂಸಿದ,
ನಾಲಿಗೆಗೆ ಹಚ್ಚಿದ, ಬಹಳ ಹೊತ್ತು ಸುಮ್ಮನಿದ್ದ.
"ಇದು ತನ್ನ ಹೊಗೆ ತಾನೇ ಮುಗಿಸ್ಕೊಂಡ ಕಟ್ಟಿಗೆ.
ನಮ್ಮದು ಅರ್ಧಕ್ಕೇ ಎದ್ದು ಬರ್ತದೆ, ನೀವು ಕಾಯಂಗಿಲ್ಲ."

ಕಾದೆ. ಇಪ್ಪತ್ತು ದಿನಕ್ಕೆ ಅರ್ಧ ಚೀಲ ತಂದ,
ಬಿಳುಪಾಗುವ ತನಕ ಬೇಯಿಸಿ ಹಸಿ ಬೂದಿಯಲ್ಲಿ ಹೂತಿಟ್ಟ ಜಾಲಿ.
ಒಂದೊಂದೇ ತುಂಡು ಕಿವಿಯ ಹತ್ತಿರ ಹಿಡಿದು ತಟ್ಟಿದೆ.
ಥಪ್. ಥಪ್. ಟಿಣ್. ಥಪ್.
ಚಹಾದಂಗಡಿಯವರು ಎದ್ದು ಬಂದು ನೋಡಿದರು,
ಈಕೆಗೆ ಕಿವಿನೋವೇನೋ ಅಂತ.
ಟಿಣ್ ಅಂದದ್ದಕ್ಕೆ ಎರಡರಷ್ಟು ರೇಟು ಕೊಟ್ಟೆ.

ಪೆಟ್ಟಿಗೆ ಬಂತು. ಬಿದಿರು ಕಡ್ಡಿ ಇಟ್ಟರೆ
ಗೋಡೆ ಮುಟ್ಟುವ ಮೊದಲೇ ಕೆಂಡಕ್ಕೆ ಬೀಳುತ್ತದೆ.
"ಅರ್ಧ ಗೇಣು ಅಂದಿದ್ದೆನಲ್ಲ!"
ಎರ್ರಿಸ್ವಾಮಿ ತನ್ನ ಕೈ ಬಿಚ್ಚಿ ತೋರಿಸಿದ,
ಮೊರದಷ್ಟು ಕೈ.
"ಯಾರ ಗೇಣು ಅಂತ ಹೇಳಲಿಲ್ಲ ನೀನು."

ಒಂದು ಬದಿಗೆ ಇಟ್ಟಿಗೆ ಹೋಳು ಜೋಡಿಸಿ ಸಣ್ಣದು ಮಾಡಿದೆ.
ಹತ್ತಿಕೊಳ್ಳಲು ಮುಕ್ಕಾಲು ಗಂಟೆ, ಆಮೇಲೆ
ಸದ್ದಿಲ್ಲ, ಕಿಡಿಯಿಲ್ಲ, ಕೆಂಪು ಮಾತ್ರ.
ಪಾಳಿ ಬಿಟ್ಟವರು ಮುಂದೆಯೇ ಹಾದು ಹೋದರು:
"ಇವತ್ತು ಬಂದ್ ಏನು?"
ಚರಬಿಯ ಒಂದು ಚೂರು ಮೂಲೆಗೆ ಎಸೆದೆ.
ಹೊಗೆ ಎದ್ದಿತು. ತಿರುಗಿ ಬಂದರು.

ತಿಂದರು, ಯಾರೂ ಏನೂ ಕೇಳಲಿಲ್ಲ,
ಎರಡೆರಡು ಕಡ್ಡಿ ಜಾಸ್ತಿ ಹೋದವು.
ಬೀಸಣಿಗೆ ಗಾಡಿಯ ಮೊಳೆಗೆ ತೂಗುತ್ತಿತ್ತು.
ಬಲಗೈಗೆ ಇನ್ನೂ ಯಾರೂ ಹೇಳಿಲ್ಲ;
ಸೊಂಟದ ಹತ್ತಿರ ತಾನೇ ಅತ್ತ, ಇತ್ತ.