ಕೊನೆಯ ನಾಲ್ಕು ಪುಟ

ಅಮ್ಮತ್ತಿ ಕಡೆಯ ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ
ಕುರ್ಚಿ ಆರು, ಕೊಡೆ ಇಡಲು ಒಂದು ಬಕೆಟ್ಟು,
ಗೋಡೆಯ ಮೇಲೆ ನಾನೇ ಬಣ್ಣ ಬಳಿದು ಬರೆದ
ದೇಶ ಸುತ್ತು, ಕೋಶ ಓದು.
ಆನೆ ಇಳಿದಿದೆಯೆಂದು ಮೆಸೇಜು ಬಂದರೆ ನಾಲ್ಕಕ್ಕೇ ಬಾಗಿಲು.

ಲೈನ್‌ಮನೆಯಲ್ಲಿ ಕರೆಂಟು ಹೋದ ದಿನ ಚಾತ ಬರುತ್ತಿದ್ದ,
ಐದನೇ ಕ್ಲಾಸು.
ಅಕ್ಕನ ಫೋನು ಚಾರ್ಜಿಗಿಟ್ಟು, ಅದು ತುಂಬುವ ತನಕ
ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಬಿಸ್ಕತ್ತು ಕೊಟ್ಟೆ. ತಿಂದ.
ಚಿತ್ರದ ಪುಸ್ತಕ ಕೊಟ್ಟೆ. ಅದರ ಮೇಲೆ ಬಿಸ್ಕತ್ತಿಟ್ಟು ತಿಂದ.
ಓದಿದರೆ ದೊಡ್ಡವನಾಗ್ತೀಯ, ಅಂದೆ.
ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಐದಡಿಯೂ ಇಲ್ಲ.

ಒಂದು ದಿನ ಅವನೇ ಕೇಳಿದ: ಇದನ್ನೆಲ್ಲ ಬರೆದದ್ದು ಯಾರು?
ರೈಟರು, ಅಂದೆ.
ಬಿಸಿ ಪಾತ್ರೆ ಕೆಳಗಿಡುವ ಹಾಗೆ
ಪುಸ್ತಕ ಇಟ್ಟು ಹೊರಟ.

ರಾತ್ರಿ ಹೊಳೆಯಿತು.
ಅವನ ತೋಟದಲ್ಲಿ ರೈಟರೆಂದರೆ
ಕಣದ ತಕ್ಕಡಿ ಪಕ್ಕ ನಿಲ್ಲುವ ಬೆಳ್ಯಪ್ಪ.
ಹಸಿರು ಕಾಯಿ ಜಾಸ್ತಿ ಎಂದು ಎರಡು ಕಿಲೋ ಕಳೆದು
ಕೆಂಪು ರಟ್ಟಿನ ಪುಸ್ತಕದಲ್ಲಿ
ಅಮ್ಮನ ಹೆಸರಿನ ಮುಂದೆ 'ಅರ್ಧ' ಬರೆಯುವವನು.
ಪುಸ್ತಕವೆಂದರೆ
ಶನಿವಾರ ಸಂಜೆ ಕಮ್ಮಿಯಾಗುವ ಅಕ್ಕಿ.
ನಾನೋ, ಗೋಡೆಯ ಮೇಲೆ ಕೋಶ ಅಂತ ಬರೆದು ಕೂತಿದ್ದೆ.

ಮಳೆ ಬಿಟ್ಟ ಮೇಲೆ ಬೀರು ತೆಗೆದರೆ ಗೆದ್ದಲು.
ಉಳಿದದ್ದರಲ್ಲಿ ಒಂದು, ಕಳ್ಳ ಮುಂಗುಸಿಯ ಕತೆ,
ಮುಂಗುಸಿ ಬಾವಿಗೆ ಬಿದ್ದಲ್ಲಿಗೇ ಮುಗಿದಿತ್ತು;
ಮುಂದಿನ ನಾಲ್ಕು ಪುಟ ಗೆದ್ದಲೇ ಓದಿಕೊಂಡಿತ್ತು.
ರದ್ದಿಗೆಂದು ಬಾಗಿಲ ಬಳಿ ಹಾಕಿದ್ದೆ.
ಫೋನು ತುಂಬಲು ಅವತ್ತು ತಡವಾಯಿತು.

"ಟೀಚರೇ, ಉಳಿದದ್ದೆಲ್ಲಿ?"
ನಾನು ಟೀಚರಲ್ಲ. ತಿದ್ದಲಿಲ್ಲ.
"ಸತ್ತಿತಾ?"
ಗೊತ್ತಿಲ್ಲ.
"ನೀವು ಓದಿಲ್ವಾ?"
ಇಲ್ಲ ಮಾರಾಯ.
ಹದಿನಾರು ವರ್ಷ ಬರೀ ಸೀಲು ಒತ್ತಿದ ಕೈ
ಮೇಜಿನ ಕೆಳಗೆ ಸರಿಯಿತು.
"ಹಾಗಾದ್ರೆ ಈ ರೈಟರು ಪೂರ್ತಿ ದಿನ ಕೆಲಸ ಮಾಡಿಲ್ಲ," ಅಂದ.
"ಇವನಿಗೆ ಅರ್ಧ ಹಾಕಿ."

ಹಾಕಿದೆ. ಹರಿದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ.

ಮರುದಿನ ಇನ್ನೂ ಮೂವರು ಬಂದರು, ಫೋನಿಲ್ಲದೆ.
ಹಗ್ಗ ಹಿಡಿದು ಹತ್ತಿತು ಎಂದಳು ಒಬ್ಬಳು,
ಬಾವಿಯ ತಳದಲ್ಲಿ ಏಡಿಯ ಅಂಗಡಿ ಇದೆ ಎಂದ ಇನ್ನೊಬ್ಬ,
ಮಾತಿಗೆ ಮಾತು ಬೆಳೆದು ಬಕೆಟ್ಟು ಉರುಳಿತು.

ಈಗ ಒಳ್ಳೆಯ ಪುಸ್ತಕಗಳ ಕೊನೆಯ ಪುಟಗಳಿಗೂ
ಬಟ್ಟೆ ಕ್ಲಿಪ್ಪು ಹಾಕಿಡುತ್ತೇನೆ.
ಇಲಾಖೆಯವರು ಬಂದರೆ ತೆಗೆದಿಡಬೇಕು.
ಚಾತ ಅಲ್ಲಿತನಕ ಓದಿ, ಕ್ಲಿಪ್ಪು ಬಿಚ್ಚಿ, ತೀರ್ಪು ಹೇಳುತ್ತಾನೆ:
ಕೆಲವಕ್ಕೆ ಪೂರ್ತಿ, ಹೆಚ್ಚಿನವಕ್ಕೆ ಅರ್ಧ.
ಒಂದಕ್ಕೆ ಮಾತ್ರ ಇನ್ನೂ ಏನೂ ಹಾಕಿಲ್ಲ.
ಮೊನ್ನೆ ಮೂರನೇ ಸಲ ಅದನ್ನು ಅಂಗಿಯೊಳಗೆ ತುರುಕಿಕೊಂಡು
ಓಡುವ ಗಡಿಬಿಡಿಯಲ್ಲಿ
ಅಕ್ಕನ ಫೋನು ಇಲ್ಲೇ ಬಿಟ್ಟು ಹೋದ.