ನಾಳೆ ಮಧುಗಿರಿ

ಐದೂವರೆಗೆ, ಟೀ ಅಂಗಡಿ ತೆರೆಯುವ ಮೊದಲೇ.
ತಲೆಗೆರಡು ಲೀಟರ್ ನೀರು. ಚಪ್ಪಲಿಯವರು
ಮೊದಲ ಬಾಗಿಲಿಂದಲೇ ವಾಪಸ್ಸು.
ಆಮೇಲೆ ನೆರಳಿಲ್ಲ;
ಕೈಗೆ ಕಂಬಿ, ಕಾಲಿಗೆ ಉಳಿ ಕಡಿದ ಗುಳಿ.
ಸೌತೆಕಾಯಿ ಎಂಟು, ಕೋತಿಗೆ ಕಾಣದ ಹಾಗೆ.

ಜಾವಾದಲ್ಲಿ ಜ್ವಾಲಾಮುಖಿ ಹತ್ತಿ ಬಂದಾತ
ಫೋನಿನಲ್ಲಿ ಹೊಗೆ ತೋರಿಸಿ ಕೇಳಿದ:
ನಿಮ್ಮ ಬೆಟ್ಟ ಏನು ಮಾಡುತ್ತೆ?

ಏನೂ ಮಾಡಲ್ಲ ಸಾರ್.
ಇದೂ ಕುದಿಯುತ್ತಿತ್ತಂತೆ, ನೆಲದಡಿ.
ಬಾಯಿ ಸಿಗದೆ ಒಳಗೇ ಆರಿ
ಬಂಡೆಯಾಯಿತು;
ಮೇಲಿನ ಮಣ್ಣು ಸವೆದೂ ಸವೆದೂ
ಒಂದು ದಿನ ಬೆನ್ನು ಕಂಡಿತು.

ಸೌತೆಕಾಯಿ ಎಣಿಸುತ್ತಿದ್ದ ಸಣ್ಣಮಾರಕ್ಕ
ತಲೆಯೆತ್ತಲಿಲ್ಲ:
ಆರೈತೆ ಅಂತ ಯಾರ್ ಯೇಳಿದ್ದು?
ಮಟಮಟ ಮಧ್ಯಾಹ್ನ
ಅಂಗೈ ಇಟ್ಟು ನೋಡು.

ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ:
ಹತ್ತರೊಳಗೆ ಇಳಿಯಬೇಕು.