ಮೂರಿಂಚು ಮಡಿಕಿ

ಅಕ್ಕಲಕೋಟ ರೋಡಿನ ಈ ಮನಿ ಮುಂದ
ಎರಡು ಚಾದರ ಹಾಸಿದಷ್ಟ ಜಾಗಾ.
ಅದಕ್ಕ ಲಾನ್ ಅಂತ ಹೆಸರಿಟ್ಟವರು ನಮ್ಮವರು.
ಟಾವೆಲ್ ಕಾರಖಾನಿ ಬೋನಸ್ ಕೊಟ್ಟ ವರ್ಷ
ಟೆಂಪೋದಾಗ ಹುಲ್ಲಿನ ಸುರುಳಿ ತರಿಸಿ
ಜಮಖಾನಿ ಬಿಚ್ಚಿದಂಗ ಬಿಚ್ಚಿ
ಅದರ ಮ್ಯಾಲ ಕುಂತು ಚಹಾ ಕುಡದ್ರು.
ಒಂದ ಸಲ.
ಆಮ್ಯಾಲ ರಾತ್ರಿಪಾಳಿ ಬಂತು,
ಹುಲ್ಲು ನನ್ನ ಪಾಲಿಗೆ ಬಂತು.

ನಂದು ಹೊಲಿಗಿ. ಏಪ್ರಿಲ್, ಮೇ ಅಂದ್ರ ನಮಗ ಸುಗ್ಗಿ.
ಜೂನಿನಾಗ ಸಾಲಿ ತೆರೀತಾವ, ಅಷ್ಟರೊಳಗ
ಇನ್ನೂರಾ ನಲವತ್ತು ಖಾಕಿ ಚಡ್ಡಿ.
ಹೊರಗ ನಲವತ್ನಾಕು ಡಿಗ್ರಿ, ಒಳಗ ಮಶೀನು,
ನೀರು ಐದು ದಿನಕ್ಕೊಮ್ಮೆ, ಅದೂ ಅಪರಾತ್ರ್ಯಾಗ.

ನರ್ಸರಿ ಲಾಡ್ಲೇಸಾಬರು ಹೇಳಿದ್ರು:
"ಅವ್ವಾ, ಬ್ಯಾಸಿಗ್ಯಾಗ ಹುಲ್ಲು ಬೋಳಸಬ್ಯಾಡ.
ಮೂರಿಂಚು ಬಿಡು, ತನ್ನ ಬುಡಕ್ಕ ತಾನ ನೆಳ್ಳಾಗ್ತದ.
ದಿನಾ ಚಿಮಕಿಸಿದ್ರ ಬೇರು ಮ್ಯಾಲ ಬಂದು ಬಾಯಿ ತೆರೀತಾವ.
ವಾರಕ್ಕೆರಡ ಸಲ ಕುಡಸು, ಹೊಟ್ಟಿ ತುಂಬ ಕುಡಸು,
ಹೊತ್ತು ಏಳೂದ್ರೊಳಗ."

ಟೇಪು ಹಿಡದು ಅಳದೆ. ನಗು ಬಂತು.
ಇದು ನನ್ನ ಕಸಬ ಅಲ್ಲೇನು,
ಬೆಳಿಯೂ ಹುಡುಗರ ಚಡ್ಡಿ ತುದಿಗೆ
ಒಳಗ ಒಂದೀಟು ಮಡಚಿ ಬಿಡೂದು,
ಬರೂ ವರ್ಷ ಅವರವ್ವ ಬಿಚ್ಚಿ ಇಳಸಲಿ ಅಂತ.

ಬಟ್ಟಿ ಕತ್ತರಿ ಅಲ್ಲ, ಅದನ್ನ ಯಾರಿಗೂ ಮುಟ್ಟಗೊಡೂದಿಲ್ಲ.
ಜಂಗು ಹಿಡದ ಹಳೇದೊಂದಿತ್ತು.
ಸಂಜಿಮುಂದ ಕುಕ್ಕರಗಾಲಿಲೆ ಕುಂತು
ತುದಿ ಅಷ್ಟ ಕತ್ತರಿಸಿ ಅಲ್ಲೇ ಉದುರಿಸಿದೆ, ಹೊದಿಕಿಗೆ.
ಮಲ್ಲಿಗಿಗೆ ಹರಕ ಇಳಕಲ್ ಸೀರಿ ನೆಳ್ಳು,
ಕರಿಬೇವಿನ ಬುಡಕ್ಕ ಕಬ್ಬಿನ ರವದಿ,
ನಿಂಬಿಗೆ ಬ್ಯಾಳಿ ತೊಳದ ನೀರು.

ಮೇ ನಡಬರಕ ನಳ ಎಂಟು ದಿನ ಬರಲಿಲ್ಲ.
ಟಾಕ್ಯಾಗ ಮೊಣಕೈ ಮುಳಗುವಷ್ಟು ನೀರು.
ಬಿಲ್ಲಿನ ಹಿಂದ ಲೆಕ್ಕಾ ಬರದೆ:
ಕುಡಿಯಾಕ, ಅಡಗಿಗೆ, ಅವರ ಜಳಕಕ್ಕ,
ಮಲ್ಲಿಗಿ, ಕರಿಬೇವು, ನಿಂಬಿ...
ಹುಲ್ಲಿನ ಸರತಿ ಬರೂದ್ರಾಗ ಕೊಡದ ತಳಾ ಕಂಡಿತ್ತು.
ಲಾಡ್ಲೇಸಾಬರು ಫೋನಿನಾಗ ಅಂದ್ರು:
"ಬಿಟ್ಟಬಿಡು. ಒಣಗಿದ್ರ ಸತ್ತಂಗಲ್ಲ, ಮಕ್ಕೊಂಡಂಗ.
ಮ್ಯಾಲ ಅಡ್ಡ್ಯಾಡಬ್ಯಾಡ್ರಿ, ಅಷ್ಟ. ಎಬ್ಬಸೂದು ಮಳಿ ಕೆಲಸ."
ನಾಕ ದಿನದಾಗ ಲಾನು
ನನ್ನ ಮಶೀನಿನ ಮ್ಯಾಲಿನ ಥಾನಿನ ಬಣ್ಣಕ್ಕ ಬಂತು.
ಅವರಿಗೆ ಹೇಳಿದೆ. ಹೂಂ ಅಂದ್ರು.
ಉಂಡು, ಬುತ್ತಿ ಕಟಗೊಂಡು, ಸೈಕಲ್ ಹತ್ತಿದ್ರು.

ಒಂದಿನ ಬೆಳಿಗ್ಗೆ ಕಂಪೌಂಡಿನ ಆಚಿಂದ ಗಾಯಕವಾಡ ವಹಿನಿ:
"ರಾತ್ರೀ ಪಾವೂಸ್ ಪಡಲಾ ಕಾ ಹೋ?"
ಮಳಿ? ನಮ್ಮ ಮನಿಗಷ್ಟ?
ಬಗ್ಗಿ ನೋಡಿದ್ರ ಹುಲ್ಲಿನ ನಡುವ ಹಾಸಗಲ್ಲು,
ಅದರ ಸುತ್ತ ಹಸಿ.

ಆ ರಾತ್ರಿ ಎಚ್ಚರಿದ್ದೆ. ಎರಡೂವರಿಗೆ ಗೇಟು ಸಪ್ಪಳ.
ಬಚ್ಚಲಿಗೆ ಹೋಗಲಿಲ್ಲ ನಮ್ಮವರು.
ಪಟಾಪಟಿ ಚಡ್ಡಿ ಮ್ಯಾಲ, ಕತ್ತಲದಾಗ, ಆ ಕಲ್ಲಿನ ಮ್ಯಾಲ ನಿಂತು
ಒಂದ ಬಕೀಟು, ಅವರ ಪಾಲಿಂದು,
ತಂಬಿಗಿ ಸಪ್ಪಳಾಗದಂಗ ಸುರಕೋತಿದ್ರು.
ಕಾರಖಾನಿ ಹತ್ತಿಧೂಳು ತಲಿಯಿಂದ ಇಳದು ಬೇರಿಗೆ.
ವಾರದಿಂದ ಸಾಬಾಣ ಯಾಕ ಸವದಿಲ್ಲ ಅನ್ನೂದು
ಆಗ ತಿಳೀತು.
ಪಡದಾ ಬಿಟ್ಟು ಸುಮ್ಮ ಮಕ್ಕೊಂಡೆ.

ಈಗ ಖಾಕಿ ಹುಲ್ಲಿನ ನಡಬರಕ
ಮೊಳ ಅಗಲದ್ದೊಂದು ಹಸರ ಗುಂಡಿ.
ಬಣ್ಣಾ ಕೂಡೂದಿಲ್ಲ. ಬ್ಯಾರೆ ಯಾರರ ಹಚ್ಚಿದ್ರ
ಬಿಚ್ಚಿ ಒಗೀತಿದ್ದೆ.

ಮಿರಗ ಕೂಡಾಕ ಹತ್ತು ದಿನ,
ಇನ್ನೂ ಎಂಬತ್ತು ಚಡ್ಡಿ ಉಳದಾವ.
ಈ ಸಲ ಎಲ್ಲಾದಕ್ಕೂ ಅರ್ಧಾ ಇಂಚು ಹೆಚ್ಚಿಗಿ ಮಡಚೀನಿ.
ಸೇಠಜಿ ಕೇಳಿದ್ರ
ಅಳತಿ ತಪ್ಪೇತಿ ಅಂತೀನಿ.